ಟೆಸ್ಲಾ ಕಾಯಿಲ್‌ಗೆ (ಹೈ ವೋಲ್ಟೇಜಲ್ಲಿ ಗಾಳೀಲಿ ಉದ್ದ ಕಿಡಿ ಹಾರಿಸೋ ಯಂತ್ರ) 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕ್ಲಾ, 20 ಹಾಕ್ಲಾ? ಯಾವ್ದಕ್ಕೆ ಕಿಡಿ ಉದ್ದ ಬರ್ತದೆ?

ಕಿಡಿ ಉದ್ದ ನೋಡ್ಕೊಂಡು ಕೆಪಾಸಿಟರ್ ಆರಿಸೋದೇ ಅಲ್ಲ ಮಾರಾಯ್ರೇ, ನಿಮ್ಮ ಟ್ರಾನ್ಸ್‌ಫಾರ್ಮರ್ ನೋಡ್ಕೊಂಡು ಆರಿಸ್ಬೇಕು. ನಾನೂ ಹಿಂಗೇ ಶುರು ಮಾಡಿ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟಿದೀನಿ.

ತೀರ್ಥಹಳ್ಳಿ ಹತ್ರ ನಮ್ಮನೆ. ಶಿವಮೊಗ್ಗದ ಗುಜರಿ ಅಂಗಡೀಲಿ ಹಳೇ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಸಿಕ್ತು, 9 ಕಿಲೋವೋಲ್ಟ್, 30 ಮಿಲಿಆಂಪ್, ಕಬ್ಬಿಣದ್ದು, ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಬಂದೆ. ನೆಟ್ಟಲ್ಲಿ ಅಮೆರಿಕದೋರ ಪಟ್ಟಿ ಇತ್ತು: ಇದಕ್ಕೆ ರೆಸೊನೆನ್ಸ್ (ಟ್ರಾನ್ಸ್‌ಫಾರ್ಮರೂ ಕೆಪಾಸಿಟರೂ ಕರೆಂಟಿನ ತಾಳಕ್ಕೆ ಕೂಡ್ಕೊಂಡು ವೋಲ್ಟೇಜು ಏರಿಸೋದು) ಆಗೋದು 8.8 ನ್ಯಾನೋಫ್ಯಾರಡ್‌ಗೆ, ಅದ್ಕಿಂತ ದೊಡ್ಡದು ಹಾಕಿ ಅಂತ. ನಾನು ಜಾಣ, ಸೇಫ್ಟಿಗೆ 20 ಪರ್ಸೆಂಟ್ ಸೇರಿಸಿ 10.6 ಅಂತ ಲೆಕ್ಕ ಹಾಕ್ದೆ. 0.15 ಮೈಕ್ರೋಫ್ಯಾರಡ್, 2000 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ 14 ತಗೊಂಡು ಸೀರೀಸಲ್ಲಿ (ಒಂದರ ಹಿಂದೆ ಒಂದು, ಮಾಲೆ ಥರ) ಬೆಸುಗೆ ಹಾಕ್ದೆ, 10.7 ಆಯ್ತು, ಹತ್ರ ಹತ್ರ ಅದೇ.

ಕೆಟ್ಟಿದ್ದು ಅಲ್ಲೇ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮ ಜೋಗದ ಕರೆಂಟು 50. ಹರ್ಟ್ಸ್ ಎಷ್ಟು ಪಟ್ಟು ಇಳೀತದೋ ರೆಸೊನೆನ್ಸಿನ ಕೆಪಾಸಿಟರ್ ಅಷ್ಟೇ ಪಟ್ಟು ದೊಡ್ಡದಾಗ್ತದೆ. 60ನ್ನ 50ರಿಂದ ಭಾಗಿಸಿ ನೋಡಿ, 1.2. ಅಂದ್ರೆ ನಾನು ಸೇಫ್ಟಿಗೆ ಅಂತ ಸೇರಿಸಿದ 20 ಪರ್ಸೆಂಟೇ ನನ್ನ ಕರ್ಕೊಂಡ್ಹೋಗಿ ಸರಿಯಾಗಿ ನಮ್ಮೂರ ರೆಸೊನೆನ್ಸ್ ಮೇಲೆ ಕೂರಿಸ್ತು! ನೀವೇ ಲೆಕ್ಕ ಹಾಕಿ, 0.03 ಆಂಪನ್ನ 9000ದಿಂದ ಭಾಗಿಸಿ, ಬಂದಿದ್ದನ್ನ 2 ಪೈ ಇಂಟು 50ರಿಂದ ಭಾಗಿಸಿ, ಕರೆಕ್ಟಾಗಿ 10.6 ನ್ಯಾನೋಫ್ಯಾರಡ್ ಬರ್ತದೆ. ಎರಡು ನಿಮಿಷದ ಕೆಲ್ಸ, ಮಾಡ್ಲಿಲ್ಲ.

ಸಾಲ್ದು ಅಂತ ಕಿಡಿ ಉದ್ದ ಬರ್ಲಿ ಅಂತ ಸ್ಪಾರ್ಕ್ ಗ್ಯಾಪ್ (ಕೆಪಾಸಿಟರಿನ ಚಾರ್ಜು ಕಿಡಿಯಾಗಿ ಹಾರಿ ಕಾಯಿಲಿಗೆ ಹೋಗೋ ಸಂದು) ಬೇರೆ ಅಗಲ ಮಾಡ್ದೆ. ರೆಸೊನೆನ್ಸಲ್ಲಿ ವೋಲ್ಟೇಜು 9 ಸಾವಿರಕ್ಕೆ ನಿಲ್ಲಲ್ಲ, ಗ್ಯಾಪಲ್ಲಿ ಕಿಡಿ ಹಾರೋ ತನಕ ಸೈಕಲ್ಲಿಂದ ಸೈಕಲ್ಲಿಗೆ ಏರ್ತಾ ಹೋಗ್ತದೆ, ಅಲ್ಲಿ ಹಾರ್ಲಿಲ್ಲ ಅಂದ್ರೆ ಒಳಗೆ ವೈಂಡಿಂಗಲ್ಲಿ ಹಾರ್ತದೆ. ಹಾರ್ತು. ಟ್ರಾನ್ಸ್‌ಫಾರ್ಮರ್ ಒಳಗೆ ಡಾಂಬರು ತುಂಬಿತ್ತಲ್ಲ, ಅಟ್ಟದ ತುಂಬ ಡಾಂಬರು ಕಾದ ವಾಸನೆ, ಕೆಳಗಿಂದ ಅಮ್ಮ "ಎಂತದಾ ಅದು, ಮೇಲೆ ರಸ್ತೆ ಮಾಡ್ತಿದೀಯಾ?" ಅಂತ.

ಎರಡನೇ ಟ್ರಾನ್ಸ್‌ಫಾರ್ಮರಿಗೆ ಅದೇ ಮಾಲೆಯಿಂದ 5 ಕಿತ್ತು 9 ಉಳಿಸ್ದೆ, 16.7 ನ್ಯಾನೋಫ್ಯಾರಡ್ ಆಯ್ತು, ರೆಸೊನೆನ್ಸಿನ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಸೀರೀಸಲ್ಲಿ ಸಂಖ್ಯೆ ಕಮ್ಮಿ ಆದಷ್ಟೂ ಫ್ಯಾರಡ್ ಜಾಸ್ತಿ, ಹಂಗಾಗಿ ದೊಡ್ಡ ಕೆಪಾಸಿಟರಿಗೇ ಖರ್ಚು ಕಮ್ಮಿ, ತಮಾಷೆ ಅಲ್ವಾ? ಟ್ಯೂನಿಂಗ್ ಸರಿಹೋಗೋಕೆ ಪ್ರೈಮರಿ ಟ್ಯಾಪ್ (ಕೆಪಾಸಿಟರಿನ ವೈರು ಪ್ರೈಮರಿ ಸುರುಳಿಗೆ ಕಚ್ಚೋ ಜಾಗ) ಮಾತ್ರ ಒಂದೂವರೆ ಸುತ್ತು ಒಳಗೆ ತರ್ಬೇಕಾಯ್ತು. ವೋಲ್ಟೇಜು ಮಿತಿ ಮೀರಿದ್ರೆ ಕಿಡಿ ಅಲ್ಲೇ ಹಾರಿ ಹೋಗ್ಲಿ ಅಂತ ಟ್ರಾನ್ಸ್‌ಫಾರ್ಮರಿಗೆ ಅಡ್ಡಲಾಗಿ ಸೇಫ್ಟಿ ಗ್ಯಾಪ್ ಹಾಕ್ದೆ, ಸ್ಪಾರ್ಕ್ ಗ್ಯಾಪ್ ಅಗಲ ಮಾಡೋ ಚಪಲ ಬಿಟ್ಟೆ. ಈಗ ಕಿಡಿ ಒಂದು ಮೊಳ ಬರ್ತದೆ.

ಒಂದೊಂದು ಕೆಪಾಸಿಟರಿಗೂ ಅಡ್ಡಲಾಗಿ, ಚಾರ್ಜ್ ಇಳಿಸೋಕೆ 10 ಮೆಗಾಓಮ್ ರೆಸಿಸ್ಟರ್ ಹಾಕ್ಲೇಬೇಕು, ಆಫ್ ಮಾಡಿದ್ಮೇಲೂ ಚಾರ್ಜ್ ಉಳಿದಿರ್ತದೆ, ಮುಟ್ಟಿದ್ರೆ ಜೀವ ಹೋಗ್ತದೆ.

ನಿಮ್ದು ಈಗಿನ ಎಲೆಕ್ಟ್ರಾನಿಕ್ ನಿಯಾನ್ ಟ್ರಾನ್ಸ್‌ಫಾರ್ಮರ್ ಆಗಿದ್ರೆ ಈ ಲೆಕ್ಕ ಯಾವ್ದೂ ನಡಿಯಲ್ಲ. ಕಬ್ಬಿಣದ್ದಾದ್ರೆ ಪ್ಲೇಟ್ ಮೇಲೆ ಎಷ್ಟು ವೋಲ್ಟು, ಎಷ್ಟು ಮಿಲಿಆಂಪು ಅಂತ ಬರ್ದಿದೆ ಹೇಳಿ, ಆಮೇಲೆ ನೋಡಣ.