ಕ್ಯಾಮೆರಾ ಪ್ರಶ್ನೋತ್ತರ: ಅಗಲ ಚಿತ್ರದ ಪಡಿಪಾಟಲು

ಹೋದ ಸಂಚಿಕೆಯಲ್ಲಿ ಪನೋರಮಾ ಬಗ್ಗೆ ಎಲ್ಲೋ ಒಂದು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಹಾಸನದಲ್ಲಿ ಸ್ಟುಡಿಯೊ ನಡೆಸುತ್ತಿದ್ದಾಗಿನಿಂದಲೂ ಉದ್ದನೆಯ ಚಿತ್ರ ಅಂದರೆ ನನಗೆ ಹುಚ್ಚು. ಹಾಗಾಗಿ ಈ ಸಲ ಫ್ಲ್ಯಾಶು, ಪಾಸ್‌ಪೋರ್ಟ್ ಸೈಜು ಎಲ್ಲಕ್ಕೂ ರಜೆ.

ಅಜ್ಜನ ಸಹಸ್ರಚಂದ್ರ ದರ್ಶನಕ್ಕೆ ನಲವತ್ತು ಮಂದಿ ಸೇರಿದ್ದೆವು. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಮೊಬೈಲಿನ ಪನೋರಮಾದಲ್ಲಿ ತೆಗೆದರೆ ನಡುವಿನವರು ದೊಡ್ಡವರಾಗಿ, ತುದಿಯವರು ಗೊಂಬೆಗಳಂತೆ ಬಂದರು. ಒಬ್ಬ ಮಾವನಿಗಂತೂ ಅರ್ಧ ಮುಖವೇ ಇಲ್ಲ. ಮುಂದಿನ ತಿಂಗಳು ಮದುವೆ ಇದೆ, ಏನು ಮಾಡಲಿ? (ಶಿರಸಿ)

ತಪ್ಪು ಮೊಬೈಲಿನದಲ್ಲ, ಸಾಲಿನದು. ನಲವತ್ತು ಅಡಿ ಉದ್ದದ ನೇರ ಸಾಲಿನ ನಟ್ಟನಡುವೆ ಇಪ್ಪತ್ತು ಅಡಿ ದೂರದಲ್ಲಿ ನೀವು ನಿಂತಿದ್ದೀರಿ ಅನ್ನಿ. ನಡುವಿನ ಅಜ್ಜ ಇಪ್ಪತ್ತು ಅಡಿ ಆಚೆ, ತುದಿಯ ಮೊಮ್ಮಗ ಇಪ್ಪತ್ತೆಂಟು ಅಡಿ ಆಚೆ. ಅವನು ಸಣ್ಣಗಾಗದೆ ಇನ್ನೇನು?

ಉಪಾಯ ಹಳೆಯದು. ಅಮೆರಿಕದಲ್ಲಿ 1904ರಲ್ಲಿ ಪೇಟೆಂಟ್ ಆದ ಸರ್ಕಟ್ ಅನ್ನುವ ಕ್ಯಾಮೆರಾ ಇತ್ತು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾವೇ ನಿಧಾನಕ್ಕೆ ತಿರುಗುತ್ತಿತ್ತು, ಒಳಗೆ ಫಿಲ್ಮು ಅದಕ್ಕೆ ತಕ್ಕ ಹಾಗೆ ಸರಿಯುತ್ತಿತ್ತು. ಶಾಲೆ, ಸೈನ್ಯದ ಗ್ರೂಪ್ ಫೋಟೊ ತೆಗೆಯುವವರು ಜನರನ್ನು ನೇರ ಸಾಲಿನಲ್ಲಿ ನಿಲ್ಲಿಸದೆ ಕ್ಯಾಮೆರಾದ ಸುತ್ತ ಕಮಾನಿನಂತೆ ನಿಲ್ಲಿಸುತ್ತಿದ್ದರು. ಎಲ್ಲರೂ ಒಂದೇ ದೂರದಲ್ಲಿದ್ದರೆ ಎಲ್ಲರೂ ಒಂದೇ ಅಳತೆ; ಚಿತ್ರದಲ್ಲಿ ಕಮಾನು ಮಾಯವಾಗಿ ನೆಟ್ಟಗಿನ ಸಾಲೇ ಕಾಣುತ್ತದೆ. (ತುಂಟ ಹುಡುಗರು ಒಂದು ತುದಿಯಲ್ಲಿ ನಿಂತು, ಕ್ಯಾಮೆರಾ ಅತ್ತ ತಿರುಗಿದ ಕೂಡಲೇ ಹಿಂದಿನಿಂದ ಓಡಿ ಇನ್ನೊಂದು ತುದಿಯಲ್ಲೂ ಹಲ್ಲು ಕಿರಿಯುತ್ತಿದ್ದರಂತೆ. ನಿಮ್ಮ ಮನೆಯ ಹುಡುಗರಿಗೆ ಇದನ್ನು ಹೇಳಬೇಡಿ, ಮೊಬೈಲಿನಲ್ಲೂ ನಡೆಯುತ್ತದೆ.)

ನೀವು ನಿಲ್ಲುವ ಜಾಗದಲ್ಲಿ ಒಬ್ಬರ ಕೈಗೆ ಹಗ್ಗದ ತುದಿ ಕೊಡಿ. ಇಪ್ಪತ್ತು ಅಡಿಗೆ ಹಗ್ಗ ಬಿಗಿ ಹಿಡಿದು ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಿರಿ. ಅದರ ಮೇಲೆ ಕುರ್ಚಿ, ಅದರ ಹಿಂದೆ ನಿಲ್ಲುವವರಿಗೆ ಇನ್ನೊಂದು ಗೆರೆ. ಸಾಲಿಗೆ ಇಪ್ಪತ್ತರಂತೆ ನಿಲ್ಲಿಸಿದರೆ ಕಾಲು ವೃತ್ತದೊಳಗೆ ಎಲ್ಲರೂ ಹಿಡಿಸುತ್ತಾರೆ. ಹಿಂದೆ ಮಾತ್ರ ಮನೆ ಬೇಡ, ನಿಮ್ಮ ಜನ ನೆಟ್ಟಗಾದಾಗ ಮನೆಯ ಸೂರು ನಡುವೆ ಉಬ್ಬುತ್ತದೆ. ಶಿರಸಿಯಲ್ಲಿ ಅಡಿಕೆ ತೋಟಕ್ಕೇನು ಬರ? ತೋಟ ಬಾಗಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಮಾವನ ಮುಖ. ಮೊಬೈಲು ಸಣ್ಣ ಸಣ್ಣ ಪಟ್ಟಿಗಳನ್ನು ಸಾಲಾಗಿ ಹೊಲಿಯುತ್ತದೆ. ಹೊಲಿಗೆ ಬೀಳುವ ಹೊತ್ತಿಗೆ ಮಾವ ಪಕ್ಕದವರ ಕಡೆ ತಿರುಗಿದ್ದಾರೆ. ತನ್ನ ಮುಂದೆ ಮೊಬೈಲು ಹಾದುಹೋಗುವಾಗ ಯಾರೂ ಅಲ್ಲಾಡಕೂಡದು ಎಂದು ಮೊದಲೇ ಗದರಿಸಿ. ನೀವು ಕೂಡ ಕೈ ಚಾಚಿ ಬೀಸಬೇಡಿ. ಮೊಬೈಲು ಒಂದೇ ಜಾಗದಲ್ಲಿ ತಿರುಗಲಿ, ನೀವು ಅದರ ಸುತ್ತ ಹೆಜ್ಜೆ ಹಾಕಿ.

ಜೋಗದಲ್ಲಿ ಎಷ್ಟು ಪನೋರಮಾ ತೆಗೆದರೂ ಸಪ್ಪೆ. ಯಾಕೆ? (ದಾವಣಗೆರೆ)

253 ಮೀಟರ್ ಬೀಳುವ ನೀರನ್ನು ಅಡ್ಡ ಪಟ್ಟಿಯಲ್ಲಿ ಮಲಗಿಸಿದರೆ ಸಪ್ಪೆಯಾಗದೆ ಇರುತ್ತದೆಯೇ? ಕ್ಯಾಮೆರಾವನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ತೆಗೆದು ಉದ್ದುದ್ದ ಜೋಡಿಸಿ. ರಾಜಾ ಒಬ್ಬನೇ ಸಾಕು, ರಾಣಿ, ರೋರರ್, ರಾಕೆಟ್ ಎಲ್ಲರೂ ಒಂದೇ ಚಿತ್ರದಲ್ಲಿ ಇರಲೇಬೇಕು ಅಂತೇನಿಲ್ಲ.

ಹ್ಯಾಸಲ್‌ಬ್ಲಾಡ್ ಎಕ್ಸ್‌ಪ್ಯಾನ್ ಎಂಬ ಹಳೆಯ ಪನೋರಮಾ ಫಿಲ್ಮ್ ಕ್ಯಾಮೆರಾ ಒಂದು ಮಾರಾಟಕ್ಕಿದೆ. ಬೆಲೆ ಕೇಳಿ ಮನೆಯಲ್ಲಿ ಮಾತು ಬಿಟ್ಟಿದ್ದಾರೆ. ತೆಗೆದುಕೊಳ್ಳಲೇ? (ಮಂಗಳೂರು)

ಬೇಡ. ಕ್ಯಾಮೆರಾ ಕೆಟ್ಟದ್ದು ಅಂತಲ್ಲ. 1998ರಲ್ಲಿ ಬಂದಾಗ ಅದೊಂದು ಅಚ್ಚರಿ: ಮಾಮೂಲಿ 35 ಎಂಎಂ ರೋಲಿನಲ್ಲೇ 24×65 ಮಿಲಿಮೀಟರಿನ ಫ್ರೇಮು, 36 ಚಿತ್ರದ ರೋಲಿಗೆ 21 ಚಿತ್ರ. ಫ್ಯೂಜಿಯವರ ಜತೆ ಸೇರಿ ಮಾಡಿದ್ದು, ಜಪಾನಿನಲ್ಲಿ ಟಿಎಕ್ಸ್-1 ಎಂಬ ಹೆಸರಿನಲ್ಲಿ ಸಿಗುತ್ತಿತ್ತು. ಆಗಿನ ಅಗ್ಗದ ಕ್ಯಾಮೆರಾಗಳಲ್ಲೂ ‘ಪನೋರಮಾ’ ಎಂಬ ಗುಂಡಿ ಇರುತ್ತಿತ್ತು. ಅದು ಮೇಲೂ ಕೆಳಗೂ ಫಿಲ್ಮಿಗೆ ಪರದೆ ಎಳೆಯುತ್ತಿತ್ತು, ಅಷ್ಟೆ. ಎಕ್ಸ್‌ಪ್ಯಾನ್ ನಿಜಕ್ಕೂ ಅಗಲ ಹೆಚ್ಚಿಸಿತು. ಆದರೆ 2006ರಲ್ಲಿ ತಯಾರಿಕೆ ನಿಂತಿದೆ, ಒಳಗೆಲ್ಲ ಎಲೆಕ್ಟ್ರಾನಿಕ್ಸ್. ಬೋರ್ಡು ಹೋದರೆ ರಿಪೇರಿ ಮಾಡುವವರನ್ನು ಹುಡುಕುವುದೇ ಒಂದು ತೀರ್ಥಯಾತ್ರೆ.

ನಿಮ್ಮ ಹತ್ತಿರ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ (ಮಾಮೂಲಿ 35 ಎಂಎಂ ಫಿಲ್ಮ್ ಫ್ರೇಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾ ಇದೆ ಎಂದಿದ್ದೀರಿ. ಎಕ್ಸ್‌ಪ್ಯಾನಿನ 45 ಎಂಎಂ ಲೆನ್ಸು ಅಡ್ಡಕ್ಕೆ ನೋಡುವಷ್ಟನ್ನು ನಿಮ್ಮ 24 ಎಂಎಂ ಲೆನ್ಸೂ ನೋಡುತ್ತದೆ. ಅದನ್ನೇ ಹಾಕಿ. ಹಿಂದಿನ ಪರದೆಯ ಮೇಲೂ ಕೆಳಗೂ ಕಪ್ಪು ಟೇಪು ಅಂಟಿಸಿ 65:24 ಪಟ್ಟಿ ಮಾತ್ರ ಉಳಿಸಿಕೊಳ್ಳಿ. ಕತ್ತರಿಸಿದ ಮೇಲೂ 6000×2215 ಪಿಕ್ಸೆಲ್ ಉಳಿಯುತ್ತದೆ, ಇಪ್ಪತ್ತು ಇಂಚು ಅಗಲದ ಒಳ್ಳೆಯ ಪ್ರಿಂಟಿಗೆ ಸಾಕು. ಟೇಪು ಯಾಕೆಂದರೆ, ಆ ಪಟ್ಟಿಯೊಳಗೇ ನೋಡಿ ತೆಗೆದರೆ ಎರಡು ತುದಿಗೂ ಕೆಲಸ ಕೊಡಬೇಕಾಗುತ್ತದೆ. ಮನೆಗೆ ಬಂದು ಕತ್ತರಿಸುವವರ ಚಿತ್ರದಲ್ಲಿ ನಡುವೆ ಒಂದು ದೋಣಿ, ಎರಡೂ ಕಡೆ ಬರೀ ನೀರು. ಒಂದು ಮಳೆಗಾಲ ಹೀಗೆ ನಡೆಸಿ. ಆಮೇಲೂ ಎಕ್ಸ್‌ಪ್ಯಾನ್ ಬೇಕೆನಿಸಿದರೆ ಮನೆಯವರ ಜತೆ ನಾನೇ ಮಾತಾಡುತ್ತೇನೆ.

ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯ ಮೆರವಣಿಗೆಯನ್ನು ಒಂದೇ ಚಿತ್ರವಾಗಿ ಜೋಡಿಸಬೇಕು. ಮಧ್ಯೆ ನಿಂತು ತಿರುಗಿ ತೆಗೆದರೆ ಗೋಡೆ ದೋಣಿಯಾಗುತ್ತದೆ. (ಹೊಸಪೇಟೆ)

ಈ ಪತ್ರ ಓದಿ ಖುಷಿಯಾಯಿತು. ಶಿರಸಿಯವರಿಗೆ ಹೇಳಿದ್ದನ್ನು ನೀವು ಮಾಡುವಂತಿಲ್ಲ, ಗೋಡೆಯನ್ನು ಬಗ್ಗಿಸಲಾಗದು. ಹಾಗಾದರೆ ತಿರುಗುವುದನ್ನು ಬಿಟ್ಟು ನಡೆಯಿರಿ.

ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರಲ್ಲಿ ನಮ್ಮ ಬೇಲೂರು, ಹಳೇಬೀಡುಗಳನ್ನು ಚಿತ್ರ ತೆಗೆದವನು. 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ಅಧಿಷ್ಠಾನದ, ಅಂದರೆ ಬುಡದ ಕಟ್ಟೆಯ, ಶಾಸನವನ್ನು ಹಿಡಿಯಲು ಕ್ಯಾಮೆರಾವನ್ನು ಗೋಡೆಯ ಪಕ್ಕದಲ್ಲೇ ಸರಿಸುತ್ತಾ ತೆಗೆದು, 21 ಪ್ರಿಂಟುಗಳನ್ನು ಅಂಟಿಸಿ ಸುಮಾರು 19 ಅಡಿಯ ಒಂದೇ ಚಿತ್ರ ಮಾಡಿದ. ಅವನ ದಾರಿಯೇ ನಿಮ್ಮದೂ.

ಗೋಡೆಗೆ ಸಮಾನಾಂತರವಾಗಿ ಒಂದು ಗೆರೆ ಮನಸ್ಸಿನಲ್ಲಿ ಹಾಕಿಕೊಂಡು, ಅದನ್ನು ಬಿಡದೆ ಪಕ್ಕಕ್ಕೆ ಹೆಜ್ಜೆ ಹಾಕಿ. ಲೆನ್ಸು ಪ್ರತಿ ಸಲವೂ ಗೋಡೆಯನ್ನು ನೇರವಾಗಿ ನೋಡಬೇಕು. ಆನೆ, ಕುದುರೆ, ಕುಣಿಯುವವರ ಸಾಲುಗಳ ನಡುವಿನ ಅಡ್ಡಪಟ್ಟಿಯನ್ನು ಫ್ರೇಮಿನಲ್ಲಿ ಒಂದೇ ಎತ್ತರಕ್ಕೆ ಹಿಡಿಯಿರಿ, ಅದೇ ನಿಮ್ಮ ಸ್ಪಿರಿಟ್ ಲೆವೆಲ್. ಹಿಂದಿನ ಚಿತ್ರದ ಅರ್ಧದಷ್ಟು ಮುಂದಿನದರಲ್ಲೂ ಬರಲಿ. ಉಬ್ಬು ಶಿಲ್ಪವಾದ್ದರಿಂದ ಹತ್ತಿರದಿಂದ ಅಗಲ ಲೆನ್ಸಿನಲ್ಲಿ ತೆಗೆದರೆ ಒಂದೇ ಆನೆಯ ಎರಡು ಪಕ್ಕೆ ಕಂಡು ಹೊಲಿಗೆ ಕೂರುವುದಿಲ್ಲ. ಆದಷ್ಟು ಹಿಂದೆ ಸರಿದು 85 ಎಂಎಂ ಬಳಸಿ. ಎಕ್ಸ್‌ಪೋಷರು (ಬೆಳಕಿನ ಅಳತೆ), ವೈಟ್ ಬ್ಯಾಲೆನ್ಸು (ಬಣ್ಣದ ಹದ) ಎರಡನ್ನೂ ಮ್ಯಾನುಯಲ್‌ಗೆ ಹಾಕಿ ಮತ್ತೆ ಮುಟ್ಟಬೇಡಿ. ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ ನಿಜ, ಆದರೆ ನೀವು ಗೋಡೆಯ ಆ ತುದಿ ಮುಟ್ಟುವಷ್ಟರಲ್ಲಿ ನೆರಳು ಸರಿದಿರುತ್ತದೆ. ತೆಳು ಮೋಡದ ದಿನ ಹೋಗಿ.

ಜೋಡಿಸಲು ಹಗಿನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಕ್ಯಾಮೆರಾ ತಿರುಗಿದ ಲೆಕ್ಕವಲ್ಲದೆ ಪಕ್ಕಕ್ಕೆ ಸರಿದ ಲೆಕ್ಕವೂ ಸಿಗುತ್ತದೆ, ಮೊಸಾಯಿಕ್ ಅನ್ನುವ ಆಯ್ಕೆ ನೋಡಿ. ಮತ್ತೆ ಟ್ರೈಪಾಡ್ ಹೊತ್ತುಕೊಂಡು ಹೋಗುವ ಮುನ್ನ ಪುರಾತತ್ವ ಇಲಾಖೆಯ ಅನುಮತಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಕೈಯಲ್ಲೇ ಹಿಡಿದು ತೆಗೆಯಬೇಕು. ಜೋಡಿಸಿದ ಚಿತ್ರದ ಒಂದು ಪ್ರತಿ ನನಗೂ ಕಳಿಸಿ.