ಆಟದ ರಾತ್ರಿಗೆ ಯಾವ ಕ್ಯಾಮೆರಾ?

ಈ ಸಂಚಿಕೆಗಾಗಿ ಆರಿಸಿಕೊಂಡ ಓದುಗರ ಪ್ರಶ್ನೆಗಳು ಹೆಚ್ಚಾಗಿ ಕತ್ತಲಲ್ಲಿ ಫೋಟೊ, ವಿಡಿಯೊ ತೆಗೆಯುವುದಕ್ಕೆ ಸಂಬಂಧಿಸಿದವು. ಕುಂದಾಪುರದ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದೇ ತೊಂದರೆಯನ್ನು ಇನ್ನೂ ಕೆಲವರು ಬೇರೆ ಬೇರೆ ಮಾತುಗಳಲ್ಲಿ ಬರೆದಿರುವುದರಿಂದ ಎಲ್ಲರಿಗೂ ಅಲ್ಲಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ಬರುವ ಜನವರಿಯಲ್ಲಿ ನಮ್ಮ ಮನೆಯ ಹರಕೆಯಾಟ, ಅಂದರೆ ಹರಕೆ ಹೊತ್ತು ಆಡಿಸುವ ಯಕ್ಷಗಾನವಿದೆ. ಇಡೀ ರಾತ್ರಿಯ ಬಯಲಾಟವನ್ನು ವಿಡಿಯೊ ಮಾಡಿಟ್ಟುಕೊಳ್ಳಬೇಕೆಂಬುದು ತಂದೆಯವರ ಆಸೆ. ನನ್ನಲ್ಲಿ ಆರು ವರ್ಷ ಹಳೆಯ, 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಬೆಳಕು ಗ್ರಹಿಸುವ ಸೆನ್ಸರು ಫುಲ್ ಫ್ರೇಮಿನದಕ್ಕಿಂತ ಚಿಕ್ಕದಾದ) ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18–55 ಮಿ.ಮೀ. ಕಿಟ್ ಲೆನ್ಸ್ ಇವೆ. ಕಳೆದ ವರ್ಷ ಪಕ್ಕದೂರಿನ ಆಟದಲ್ಲಿ ಪ್ರಯತ್ನಿಸಿದಾಗ ಚಿತ್ರವೆಲ್ಲ ಕಾಳುಕಾಳಾಯಿತು. ಅದರ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳೂ ಹರಿದಾಡುತ್ತಿದ್ದವು. ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳದೆ ಗತಿಯಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ? (ಕುಂದಾಪುರ)

ಉತ್ತರ: ಅಂಗಡಿಯವರ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಬದಲಾಗಬೇಕಾದದ್ದು ಕ್ಯಾಮೆರಾ ಅಲ್ಲ, ಅದರ ಮುಂದಿರುವ ಲೆನ್ಸ್. ನಿಮ್ಮ 18–55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದು ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ (ಎಫ್‌ನ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಎಫ್/2.8ರ ಲೆನ್ಸ್ ಅದರ ನಾಲ್ಕು ಪಟ್ಟು ಬೆಳಕನ್ನೂ ಎಫ್/1.8ರ ಲೆನ್ಸ್ ಸುಮಾರು ಒಂಬತ್ತೂವರೆ ಪಟ್ಟು ಬೆಳಕನ್ನೂ ಒಳಗೆ ಬಿಡುತ್ತದೆ. ಇನ್ನು ಫುಲ್ ಫ್ರೇಮ್ ಸೆನ್ಸರಿನ ಅಳತೆ 36×24 ಮಿ.ಮೀ., ನಿಮ್ಮ ಕ್ಯಾಮೆರಾದ್ದು ಸುಮಾರು 23.5×15.6 ಮಿ.ಮೀ. ವಿಸ್ತೀರ್ಣದ ಲೆಕ್ಕ ಹಾಕಿದರೆ ಸಿಗುವ ಲಾಭ 2.3 ಪಟ್ಟಿನಷ್ಟು, ಅದೂ ಅಷ್ಟೇ ತೆರೆದುಕೊಳ್ಳುವ, ಗಾತ್ರದಲ್ಲಿಯೂ ಬೆಲೆಯಲ್ಲಿಯೂ ದೊಡ್ಡದಾದ ಇನ್ನೊಂದು ಲೆನ್ಸನ್ನು ಆ ಕ್ಯಾಮೆರಾಕ್ಕೆ ಕೊಂಡ ಮೇಲೆ. ಹೊಸ ಕ್ಯಾಮೆರಾಕ್ಕೆ ಹಳೆಯ ಕಿಟ್ ಲೆನ್ಸ್ ಸಿಕ್ಕಿಸಿಕೊಂಡು ಆಟಕ್ಕೆ ಹೋದವರು ಮತ್ತೆ ಕಾಳುಕಾಳು ಚಿತ್ರವನ್ನೇ ಮನೆಗೆ ತರುತ್ತಾರೆ.

ಯಾವ ಲೆನ್ಸ್ ಎಂಬುದನ್ನು ನೀವು ಕೂರುವ ಜಾಗ ನಿರ್ಧರಿಸುತ್ತದೆ. ರಂಗಸ್ಥಳದಿಂದ 10 ಮೀಟರ್ ದೂರದಲ್ಲಿ ಟ್ರೈಪಾಡ್ ಹೂಡಿದರೆ ನಿಮ್ಮ ಸೆನ್ಸರಿನಲ್ಲಿ 35 ಮಿ.ಮೀ. ಲೆನ್ಸ್ ಸುಮಾರು 22 ಅಡಿ ಅಗಲವನ್ನು ಕಾಣುತ್ತದೆ. ಸಾಮಾನ್ಯ ರಂಗಸ್ಥಳ ಅದರೊಳಗೆ ಹಿಡಿಸುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಆ ಅಗಲ 15 ಅಡಿಗೆ ಇಳಿಯುತ್ತದೆ. ಆದ್ದರಿಂದ 35 ಮಿ.ಮೀ. ಎಫ್/1.8 ಲೆನ್ಸೊಂದನ್ನು ಕೊಳ್ಳಿ, ಇಲ್ಲವೇ 17ರಿಂದ 50ರವರೆಗೆ ಎಲ್ಲಿಯೂ ಎಫ್/2.8ನ್ನೇ ಉಳಿಸಿಕೊಳ್ಳುವ ಜೂಮನ್ನು ಆರಿಸಿಕೊಳ್ಳಿ. ಒಬ್ಬರೇ ರಾತ್ರಿಯಿಡೀ ಚಿತ್ರೀಕರಿಸುವವರಿಗೆ ಜೂಮ್ ಹೆಚ್ಚು ಉಪಕಾರಿ. ಒಡ್ಡೋಲಗದಲ್ಲಿ, ಅಂದರೆ ಪಾತ್ರಗಳು ವೈಭವದಿಂದ ರಂಗಕ್ಕೆ ಬರುವಾಗ, ಇಡೀ ರಂಗ ಬೇಕು, ಸಂವಾದದಲ್ಲಿ ಎರಡೇ ವೇಷ ಸಾಕು. ಪ್ರತಿಸಲವೂ ಲೆನ್ಸ್ ಕಳಚಿ ಹಾಕುತ್ತಿದ್ದರೆ ಬಯಲಿನ ಧೂಳೆಲ್ಲ ಸೆನ್ಸರಿನ ಮೇಲೆ ಕೂರುತ್ತದೆ.

ಕಪ್ಪು ಪಟ್ಟಿಗಳಿಗೂ ಕ್ಯಾಮೆರಾದ ಬೆಲೆಗೂ ಸಂಬಂಧವಿಲ್ಲ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜ್‌ನದು. ಅದರಿಂದ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಇದು ತಿಳಿಯುವುದಿಲ್ಲ, ಸೆನ್ಸರಿಗೆ ತಿಳಿಯುತ್ತದೆ. ಕ್ಯಾಮೆರಾವನ್ನು ಪ್ಯಾಲ್ (50 ಹರ್ಟ್ಜ್ ದೇಶಗಳ ವಿಡಿಯೊ) ಪದ್ಧತಿಗೆ ಬದಲಾಯಿಸಿ, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇಟ್ಟು, ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ 1/50ಕ್ಕೆ ಕಟ್ಟಿಹಾಕಿದರೆ ಪ್ರತಿ ಫ್ರೇಮಿಗೂ ದೀಪದ ಎರಡು ಪೂರ್ಣ ಮಿಡಿತಗಳು ಸಿಕ್ಕಿ ಪಟ್ಟಿ ಮಾಯವಾಗುತ್ತದೆ. ಬಹಳಷ್ಟು ಜನ 30 ಫ್ರೇಮ್, 1/60ರಲ್ಲಿ ಚಿತ್ರೀಕರಿಸುತ್ತಾರೆ. ಅದು 60 ಹರ್ಟ್ಜ್ ವಿದ್ಯುತ್ತಿರುವ ಅಮೆರಿಕದಂಥ ದೇಶಗಳಿಗೆ ಹೊಂದುವ ಲೆಕ್ಕ. ಅಗ್ಗದ ಎಲ್ಇಡಿ ದೀಪಗಳು ಕೆಲವೊಮ್ಮೆ ಈ ಲೆಕ್ಕಕ್ಕೂ ಜಗ್ಗುವುದಿಲ್ಲ. ಆದ್ದರಿಂದ ಸಂಜೆ ದೀಪ ಹಚ್ಚಿ ನೋಡುವಾಗಲೇ ಒಂದು ನಿಮಿಷ ಚಿತ್ರೀಕರಿಸಿ ಪರೀಕ್ಷಿಸಿ. ಧಿಗಿಣ ಹಾಕುವಾಗ (ಗಿರಕಿ ಹೊಡೆದು ಹಾರುವಾಗ) ವೇಷದ ಅಂಚು 1/50ರಲ್ಲಿ ತುಸು ಮಸುಕಾಗುತ್ತದೆ. ವಿಡಿಯೊದಲ್ಲಿ ಅದು ದೋಷವಲ್ಲ, ಚಲನೆ ಸಹಜವಾಗಿ ಕಾಣಲು ಆ ಮಸುಕೇ ಬೇಕು.

ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಮತ್ತು ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಎರಡನ್ನೂ ಆಟೊದಲ್ಲಿ ಬಿಡಬೇಡಿ. ಕೆಂಪೇ ಪ್ರಧಾನವಾದ ವೇಷ ಚಿತ್ರವನ್ನೆಲ್ಲ ತುಂಬಿಕೊಂಡರೆ ಕ್ಯಾಮೆರಾ ಅದನ್ನು ದೀಪದ ಬಣ್ಣವೆಂದೇ ತಿಳಿದು ಉಳಿದದ್ದನ್ನೆಲ್ಲ ನೀಲಿ-ಹಸಿರಿನ ಕಡೆಗೆ ಎಳೆದುಬಿಡುತ್ತದೆ. ಎಕ್ಸ್‌ಪೋಷರಿಗೆ ನಾನು ಕಂಡುಕೊಂಡ ಅಳತೆಗೋಲು ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲಿನ ಚಿಟ್ಟಿ. ಅಕ್ಕಿ ಹಿಟ್ಟಿನ ಆ ಬಿಳಿ ಮುಳ್ಳುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದರೆ ಬೆಳಕು ಸರಿಯಾಗಿದೆ. ಅವೆಲ್ಲ ಕೂಡಿ ಒಂದೇ ಸುಣ್ಣದ ಗೋಡೆಯಂತೆ ಕಂಡರೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಇಳಿಸಬೇಕು. ಹಿಂದಿನ ಕತ್ತಲು ಕತ್ತಲಾಗಿಯೇ ಇರಲಿ. ಅದನ್ನು ಬೆಳಗಿಸಲು ಹೋದಾಗಲೇ ಕಾಳು ಏಳುವುದು.

ಎಂಟು ಗಂಟೆಯ ಆಟಕ್ಕೆ ಎಷ್ಟು ಜಾಗ ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ. ಇಡೀ ರಾತ್ರಿಗೆ 360 ಜಿಬಿ. ಮನೆಯವರು ನೋಡಲು 50 ಮೆಗಾಬಿಟ್‌ನ 1080 (ಫುಲ್ ಎಚ್‌ಡಿ) ವಿಡಿಯೊ ಸಾಕು, ಜಾಗ ಅರ್ಧಕ್ಕೆ ಇಳಿಯುತ್ತದೆ. ಕಾರ್ಡಿನ ಮೇಲೆ ವಿ30 ಎಂಬ ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆಂದು ಅರ್ಥ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 100 ಮೆಗಾಬಿಟ್‌ಗೂ ನಿಮಗೆ ಬೇಕಾಗಿರುವುದು 12.5 ಮೆಗಾಬೈಟ್ ಮಾತ್ರ. ಇನ್ನೂ ವೇಗದ ವಿ90 ಕಾರ್ಡಿಗೆ ಸುರಿಯುವ ಹಣವನ್ನು ಗಟ್ಟಿ ಟ್ರೈಪಾಡಿಗೆ ಹಾಕಿ. ನಿಮ್ಮದು ಹಳೆಯ ಕ್ಯಾಮೆರಾ ಆದ್ದರಿಂದ ಇನ್ನೊಂದು ಎಚ್ಚರಿಕೆ: ಅನೇಕ ಮಾದರಿಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಂತುಬಿಡುತ್ತವೆ. ಅರ್ಧ ಗಂಟೆಗೂ ಮೀರಿ ಚಿತ್ರೀಕರಿಸುವ ಯಂತ್ರವನ್ನು ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಎಂದು ಪರಿಗಣಿಸಿ ಹೆಚ್ಚಿನ ಸುಂಕ ಹಾಕುತ್ತಿದ್ದುದರಿಂದ ತಯಾರಕರೇ ಇಟ್ಟುಕೊಂಡ ಮಿತಿ ಅದು. ಕುಂದಾಪುರದ ಮೇಲೇಕೆ ಅದರ ಸಿಟ್ಟು ಎಂದು ಕೇಳಬೇಡಿ. 25 ನಿಮಿಷಕ್ಕೊಮ್ಮೆ, ವೇಷವೊಂದು ನಿರ್ಗಮಿಸಿ ಭಾಗವತರು ಮುಂದಿನ ಪದ್ಯ ಎತ್ತುವ ಮುನ್ನ, ನೀವೇ ನಿಲ್ಲಿಸಿ ಮತ್ತೆ ಶುರು ಮಾಡಿ. ಬ್ಯಾಟರಿಯ ಜಾಗದಲ್ಲಿ ಕೂರುವ ಡಮ್ಮಿ ಬ್ಯಾಟರಿಯನ್ನು ಕರೆಂಟಿಗೆ ಸಿಕ್ಕಿಸಿಕೊಂಡರೆ ಬ್ಯಾಟರಿ ಮುಗಿಯುವ ಚಿಂತೆ ಇರುವುದಿಲ್ಲ. ಜನರೇಟರಿಗೆ ಬದಲಾಯಿಸುವಾಗ ಕರೆಂಟು ಹೋಗುವುದುಂಟು, ಆ ಗಳಿಗೆಗೆಂದು ಚಾರ್ಜು ತುಂಬಿದ ನಿಜ ಬ್ಯಾಟರಿಯೊಂದು ಜೇಬಿನಲ್ಲಿರಲಿ.

ಧ್ವನಿಯ ವಿಷಯದಲ್ಲಿ ಜಿಪುಣತನ ಬೇಡ. ಕ್ಯಾಮೆರಾದೊಳಗಿನ ಮೈಕಿನಲ್ಲಿ ಚಂಡೆಯ ಮೊದಲ ಉರುಳಿಗೇ ಧ್ವನಿ ಒಡೆದು ಹೋಗುತ್ತದೆ, ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ಸರಿಪಡಿಸಲಾರದು. ಸಣ್ಣ ರೆಕಾರ್ಡರ್ ಒಂದನ್ನು ಕೊಂಡು, ಧ್ವನಿವರ್ಧಕದವರನ್ನು ವಿನಯದಿಂದ ಕೇಳಿ, ಅವರ ಮಿಕ್ಸರಿನಿಂದ ಲೈನ್ ಔಟ್ (ಧ್ವನಿಯನ್ನು ನೇರವಾಗಿ ತರುವ ತಂತಿ) ಪಡೆದುಕೊಳ್ಳಿ. ರೆಕಾರ್ಡರನ್ನೂ ಲೈನ್ ಇನ್‌ಪುಟ್‌ಗೇ ಇಡುವುದನ್ನು ಮರೆಯಬೇಡಿ. ಮೈಕ್ ಇನ್‌ಪುಟ್‌ಗೆ ಹಾಕಿದರೆ ಬರುವುದು ಬರೀ ಗೊರಗೊರ. ಚಂಡೆಯ ಅಬ್ಬರದಲ್ಲಿಯೂ ರೆಕಾರ್ಡರಿನ ಧ್ವನಿಮಟ್ಟದ ಮುಳ್ಳು ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ.

ಇನ್ನೊಂದನ್ನು ಅನುಭವದಿಂದ ಹೇಳುತ್ತೇನೆ. ಕರಾವಳಿಯ ಆಟವೊಂದಕ್ಕೆ ನಾನು ಎಸಿ ಕಾರಿನಲ್ಲಿ ಹೋಗಿ, ಇಳಿದ ತಕ್ಷಣ ಚೀಲದಿಂದ ಕ್ಯಾಮೆರಾ ತೆಗೆದೆ. ತಣ್ಣಗಿದ್ದ ಗಾಜಿನ ಮೇಲೆ ಕಡಲ ಗಾಳಿಯ ತೇವವೆಲ್ಲ ಕೂತು ಲೆನ್ಸು ಹಾಲು ಬಳಿದಂತಾಯಿತು. ಒರೆಸಿದಷ್ಟೂ ಮತ್ತೆ ಮಂಜು. ಅದು ಬಿಸಿಯೇರಿ ತಿಳಿಯಾಗಲು ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಒಡ್ಡೋಲಗ ಮುಗಿದಿತ್ತು. ಚೀಲವನ್ನು ಮುಚ್ಚಿಯೇ ಹೊರಗಿಟ್ಟು, ಅರ್ಧ ಗಂಟೆಯ ನಂತರ ತೆರೆಯಿರಿ.

ಪ್ರಶ್ನೆ: ನನ್ನ ಫೋನಿನ ನೈಟ್ ಮೋಡ್ ಅಮಾವಾಸ್ಯೆಯನ್ನೂ ಹಗಲು ಮಾಡುತ್ತದೆ. ಇಷ್ಟಿರುವಾಗ ಪ್ರತ್ಯೇಕ ಕ್ಯಾಮೆರಾ ಏಕೆ? (ಹುಬ್ಬಳ್ಳಿ)

ಉತ್ತರ: ಫೋನು ಆ ಕೆಲವು ಸೆಕೆಂಡುಗಳಲ್ಲಿ ಹಲವಾರು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಜೋಡಿಸುತ್ತದೆ. ಕಟ್ಟಡ ನಿಂತಲ್ಲೇ ನಿಲ್ಲುತ್ತದೆ, ಆದ್ದರಿಂದ ಚೆನ್ನಾಗಿ ಬರುತ್ತದೆ. ಮಗು ಓಡುತ್ತದೆ, ಆದ್ದರಿಂದ ಬರುವುದಿಲ್ಲ. ವಿಡಿಯೊದಲ್ಲಿ ಒಂದು ಫ್ರೇಮಿಗೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಸಿಗುವುದಿಲ್ಲವಾದ್ದರಿಂದ ಈ ಉಪಾಯ ಅಲ್ಲಿ ಹೆಚ್ಚು ಸಾಗದು. ನಿಮಗೆ ಬೇಕಾಗಿರುವುದು ನಿಂತ ದೃಶ್ಯಗಳೇ ಆದರೆ ಫೋನಿಗೊಂದು ಸ್ಟ್ಯಾಂಡ್ ಕೊಳ್ಳಿ, ಸಾಕು.

ಪ್ರಶ್ನೆ: ಆಕಾಶಗಂಗೆಯ ಚಿತ್ರ ತೆಗೆಯಬೇಕೆಂದು ಡಿಸೆಂಬರಿನಲ್ಲಿ ಗಿರಿಶ್ರೇಣಿಯ ತಪ್ಪಲಿನ ತೋಟದಲ್ಲಿ ಎರಡು ರಾತ್ರಿ ಕಾದೆ. ಆಕಾಶ ನಿರ್ಮಲವಾಗಿತ್ತು, ಆದರೂ ಚಿತ್ರಗಳಲ್ಲಿ ಕಾಣುವ ಆ ಹೊಳೆಯುವ ನಡುಭಾಗ ಕಾಣಲೇ ಇಲ್ಲ. ಲೆನ್ಸಿನ ದೋಷವೇ? (ಚಿಕ್ಕಮಗಳೂರು)

ಉತ್ತರ: ದೋಷ ಪಂಚಾಂಗದ್ದು. ಆಕಾಶಗಂಗೆಯ ಕೇಂದ್ರ ಧನು ರಾಶಿಯ ದಿಕ್ಕಿನಲ್ಲಿದೆ, ಮತ್ತು ನೀವು ಕಾದದ್ದು ಧನುರ್ಮಾಸದ ಆಸುಪಾಸಿನಲ್ಲಿ. ಆಗ ಸೂರ್ಯನೇ ಆ ದಿಕ್ಕಿನಲ್ಲಿರುವುದರಿಂದ ಕೇಂದ್ರವು ಹಗಲಿನಲ್ಲೇ ಆಕಾಶದಲ್ಲಿ ಹಾದು ರಾತ್ರಿ ಮುಳುಗಿರುತ್ತದೆ. ನಿಮ್ಮ ಊರಿನಲ್ಲಿ ಅದು ಮಾರ್ಚ್ ಮಧ್ಯದಲ್ಲಿ ರಾತ್ರಿ 1ರ ಸುಮಾರಿಗೆ, ಏಪ್ರಿಲ್ ಕೊನೆಯಲ್ಲಿ 10ರ ಸುಮಾರಿಗೆ ಆಗ್ನೇಯದಲ್ಲಿ ಮೂಡುತ್ತದೆ. ಜೂನಿನಲ್ಲಿ ನಡುರಾತ್ರಿಯ ಹೊತ್ತಿಗೆ ದಕ್ಷಿಣದಲ್ಲಿ 48 ಡಿಗ್ರಿ ಎತ್ತರಕ್ಕೆ ಏರುತ್ತದೆಯಾದರೂ ಮಲೆನಾಡಿನ ಜೂನಿನಲ್ಲಿ ನಕ್ಷತ್ರ ನೋಡುವ ಮಾತೆಲ್ಲಿ? ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಅಮಾವಾಸ್ಯೆಯ ಹಿಂದುಮುಂದಿನ ರಾತ್ರಿಗಳನ್ನೇ ನೆಚ್ಚಿಕೊಳ್ಳಿ. ಲಂಡನ್ನಿನವರಿಗೆ ಅದೇ ಕೇಂದ್ರ ದಿಗಂತದಿಂದ 10 ಡಿಗ್ರಿಯೂ ಮೇಲೇರುವುದಿಲ್ಲ ಎಂಬುದನ್ನು ನೆನೆದರೆ ನಿಮ್ಮ ನಿರಾಸೆ ಕಡಿಮೆಯಾದೀತು.

ಇದಕ್ಕೆ ಬೇಕಾದ ಲೆನ್ಸ್ ಅಗಲವಾಗಿ ಕಾಣುವಂಥದ್ದು. ಎಪಿಎಸ್-ಸಿ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಕ್ಕೆ ಸಾಮ್ಯಾಂಗ್‌ನ 12 ಮಿ.ಮೀ. ಎಫ್/2 ಅಥವಾ ಸಿಗ್ಮಾದ 16 ಮಿ.ಮೀ. ಎಫ್/1.4 ಒಳ್ಳೆಯ ಆಯ್ಕೆ. ಸಾಮ್ಯಾಂಗ್‌ನ ಮ್ಯಾನ್ಯುಯಲ್ ಲೆನ್ಸಿನಲ್ಲಿ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು, ಆದರೆ ನಕ್ಷತ್ರಗಳಿಗೆ ಹೇಗಿದ್ದರೂ ಕೈಯಲ್ಲೇ ಮಾಡುವುದರಿಂದ ನಷ್ಟವೇನಿಲ್ಲ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಪರದೆಯ ಮೇಲೆ ಹೊಳೆಯುವ ನಕ್ಷತ್ರವೊಂದನ್ನು ಹಿಗ್ಗಿಸಿ, ಅದು ರಾಗಿಕಾಳಿನಿಂದ ಸಾಸಿವೆಗೆ, ಸಾಸಿವೆಯಿಂದ ಸೂಜಿಮೊನೆಗೆ ಕುಗ್ಗುವವರೆಗೆ ತಿರುಗಿಸಿ. 500ನ್ನು ಫೋಕಲ್ ಲೆಂಗ್ತ್‌ನಿಂದ (ಲೆನ್ಸಿನ ಮಿ.ಮೀ. ಸಂಖ್ಯೆಯಿಂದ) ಭಾಗಿಸಿದರೆ ಎಷ್ಟು ಸೆಕೆಂಡು ಶಟರ್ ತೆರೆದಿಡಬಹುದೆಂದು ತಿಳಿಯುತ್ತದೆಂಬ ಹಳೆಯ ಸೂತ್ರವೊಂದಿದೆ. 12 ಮಿ.ಮೀ. ಲೆನ್ಸ್ ಎಪಿಎಸ್-ಸಿ ಸೆನ್ಸರಿನಲ್ಲಿ ಫುಲ್ ಫ್ರೇಮಿನ 18ಕ್ಕೆ ಸಮವಾದ್ದರಿಂದ ಉತ್ತರ 28 ಸೆಕೆಂಡಿನಷ್ಟು ಬರುತ್ತದೆ. ಅದು ಫಿಲ್ಮಿನ ಕಾಲದ ಉದಾರತೆ. ಇಂದಿನ 24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ 15 ಸೆಕೆಂಡು ದಾಟಿದರೆ ನಕ್ಷತ್ರಗಳು ಗೆರೆಯಾಗತೊಡಗುತ್ತವೆ. ಟ್ರೈಪಾಡ್ ಮೇಲೆ ಇಟ್ಟಾಗ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸುವ ಸೌಲಭ್ಯ) ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಬಳಸಿ. ತೋಟದ ಇಬ್ಬನಿಗೆ ಲೆನ್ಸಿನ ಸುತ್ತ ಕಟ್ಟುವ, ಪವರ್ ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿ ದೊರೆಯುತ್ತದೆ.

ಪ್ರಶ್ನೆ: ಅರಮನೆಯ ದೀಪಾಲಂಕಾರದ ಚಿತ್ರ ತೆಗೆದಾಗ ಆಕಾಶದಲ್ಲಿ ದೀಪಗಳದೇ ಇನ್ನೊಂದು ತಲೆಕೆಳಗಾದ ಸಾಲು ಮೂಡುತ್ತದೆ. ಆಕಾಶವೂ ಬರೀ ಕಪ್ಪು. (ಮೈಸೂರು)

ಉತ್ತರ: ಲೆನ್ಸಿನ ಮುಂದಿರುವ ಯುವಿ ಫಿಲ್ಟರನ್ನು ಕಳಚಿ, ಆ ಸಾಲು ಅದರ ಚಪ್ಪಟೆ ಗಾಜಿನಿಂದ ಬರುವ ಪ್ರತಿಫಲನ. ರಾತ್ರಿ ಅದರಿಂದ ಯಾವ ಉಪಯೋಗವೂ ಇಲ್ಲ. ಆಕಾಶದ ನೀಲಿ ಬೇಕಿದ್ದರೆ ತಿಂಗಳನ್ನು ಆರಿಸಿಕೊಳ್ಳಬೇಕು. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ದೀಪ ಹೊತ್ತುವುದು ಸಾಮಾನ್ಯವಾಗಿ ಸಂಜೆ 7ಕ್ಕೆ. ಡಿಸೆಂಬರಿನಲ್ಲಿ ಸೂರ್ಯ 6ರ ಆಸುಪಾಸಿಗೇ ಮುಳುಗುವುದರಿಂದ ಆ ಹೊತ್ತಿಗೆ ಆಕಾಶ ಪೂರ್ತಿ ಕಪ್ಪಾಗಿರುತ್ತದೆ. ಜೂನ್-ಜುಲೈನಲ್ಲಿ ಸೂರ್ಯಾಸ್ತ 6.45 ದಾಟುವುದರಿಂದ ದೀಪದ ಹಳದಿ ಮತ್ತು ಆಕಾಶದ ಕಡುನೀಲಿ ಹತ್ತು-ಹದಿನೈದು ನಿಮಿಷ ಒಟ್ಟಿಗೆ ಸಿಗುತ್ತವೆ.

ಪ್ರಶ್ನೆ: ಹಳೆಯ ಲೆನ್ಸ್‌ಗಳನ್ನು ಮಾರಿ ಮಿರರ್‌ಲೆಸ್‌ಗೆ ಹೋಗಬೇಕೆಂದಿದ್ದೇನೆ. ಕೊಳ್ಳಲು ಬಂದವರು ಎರಡು ಲೆನ್ಸಿನಲ್ಲಿ ಫಂಗಸ್ ಇದೆಯೆಂದು ಬೆಲೆ ಅರ್ಧಕ್ಕೆ ಇಳಿಸಿದರು. (ಮಂಗಳೂರು)

ಉತ್ತರ: ಅವರ ಮಾತು ನಿಜವೋ ಎಂದು ನೀವೇ ನೋಡಬಹುದು. ಅಪರ್ಚರನ್ನು (ಲೆನ್ಸಿನ ಕಿಂಡಿಯನ್ನು) ಪೂರ್ತಿ ತೆರೆದು, ಒಂದು ಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು, ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂತೆ ಕವಲೊಡೆದ ಎಳೆಗಳಿದ್ದರೆ ಅದು ಫಂಗಸ್, ಬಿಡಿಬಿಡಿ ಚುಕ್ಕೆಗಳಾದರೆ ಧೂಳು. ಅಂಚಿನಲ್ಲಿ ಒಂದೆರಡು ಎಳೆಗಳಿದ್ದರೆ ಹಗಲಿನ ಚಿತ್ರದಲ್ಲಿ ಗೊತ್ತಾಗುವುದಿಲ್ಲ; ರಾತ್ರಿ ದೀಪಕ್ಕೆ ಎದುರಾಗಿ ಹಿಡಿದಾಗ ಚಿತ್ರ ಮಂಜುಮಂಜಾಗುತ್ತದೆ. ಉಳಿದ ಲೆನ್ಸ್‌ಗಳನ್ನು ಚರ್ಮದ ಚೀಲದಿಂದ ಇಂದೇ ಹೊರತೆಗೆದು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ (ತೇವ ಹೀರುವ ನೀಲಿ ಹರಳು) ಮತ್ತು ತೇವಮಾಪಕದೊಡನೆ ಇಡಿ. ಮುಳ್ಳು 40ರಿಂದ 50 ಶೇಕಡಾ ನಡುವೆ ನಿಲ್ಲಬೇಕು. ನೀಲಿ ಹರಳು ಗುಲಾಬಿಯಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ.

ಮಾರುವ ಮುನ್ನ ಇನ್ನೊಮ್ಮೆ ಯೋಚಿಸಿ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸ್‌ಗಳು ಅದರ ಆರ್‌ಎಫ್ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಅಡಾಪ್ಟರ್ (ಜೋಡಿಸುವ ಉಂಗುರ) ಮೂಲಕ ಆಟೊಫೋಕಸ್ ಸಮೇತ ಕೂರುತ್ತವೆ. ಅಡಾಪ್ಟರಿನೊಳಗೆ ಗಾಜೇ ಇಲ್ಲದಿರುವುದರಿಂದ ಚಿತ್ರದ ಗುಣ ಕೆಡುವುದಿಲ್ಲ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಒಳಗೆ ಮೋಟಾರಿರುವ ಎಎಫ್-ಎಸ್ ಲೆನ್ಸ್‌ಗಳು ಹಾಗೆಯೇ ನಡೆಯುತ್ತವೆ, ಆದರೆ ಒಳಗೆ ಮೋಟಾರಿಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳ ಫೋಕಸನ್ನು ಕೈಯಲ್ಲೇ ಮಾಡಬೇಕಾಗುತ್ತದೆ. ಫಂಗಸ್ ಹಿಡಿದ ಎರಡನ್ನು ಮಾತ್ರ ಬಂದ ಬೆಲೆಗೆ ಕೊಟ್ಟುಬಿಡಿ, ಮತ್ತು ಅಲ್ಲಿಯವರೆಗೆ ಅವುಗಳನ್ನು ಉಳಿದವುಗಳ ಡಬ್ಬಿಯಲ್ಲಿ ಇಡಬೇಡಿ.