ಅಪಶ್ರುತಿಗೆ ಬೇಕು ಶ್ರುತಿಜ್ಞಾನ

ಪ್ರಶ್ನೆ: ಮೇಷ್ಟರೇ, ಶ್ರುತಿ ತಪ್ಪಿ ಹಾಡುತ್ತಲೇ ಹೆಸರಾದ ಅಮೆರಿಕದ ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್ ಅವರನ್ನು ಕುರಿತ ‘ಸುವೆನಿರ್’ ಎಂಬ ಹಾಸ್ಯನಾಟಕವನ್ನು ನಮ್ಮ ಹವ್ಯಾಸಿ ತಂಡ ಕನ್ನಡಕ್ಕೆ ತರಬೇಕೆಂದಿದೆ. ಹಾಡಲು ಬಾರದವರಿಗೇ ಆ ಪಾತ್ರ ಕೊಟ್ಟರೆ ನಗು ತಾನಾಗಿ ಬರುತ್ತದೆ ಎಂಬುದು ಕೆಲವರ ವಾದ. ಹನ್ನೆರಡು ವರ್ಷ ಸಂಗೀತ ಕಲಿತ ಕಲಾವಿದೆಯೂ ನಮ್ಮಲ್ಲಿದ್ದಾರೆ. ಯಾರನ್ನು ಆರಿಸಲಿ? ತೀರಿಹೋದ ಹೆಣ್ಣುಮಗಳೊಬ್ಬರನ್ನು ಹೀಗೆ ನಗೆಗೀಡು ಮಾಡುವುದು ಸರಿಯೇ?
– ಓದುಗ, ಹುಬ್ಬಳ್ಳಿ

ಉತ್ತರ: ಕಲಿತವರನ್ನೇ ಆರಿಸಿ. ಹಾಡಲು ಬಾರದವರು ನೀವು ಹೇಳಿದ ಕಡೆ ತಪ್ಪುವುದಿಲ್ಲ. ಒಂದು ದಿನ ಆಕಸ್ಮಿಕವಾಗಿ ಸ್ವರ ಸರಿಯಾಗಿ ಹತ್ತಿಬಿಡುತ್ತದೆ, ಮರುದಿನ ಜನ ನಕ್ಕರೆಂದು ಕಿರುಚಲು ತೊಡಗುತ್ತಾರೆ, ಮೂರನೆಯ ಪ್ರದರ್ಶನಕ್ಕೆ ಗಂಟಲೇ ಇರುವುದಿಲ್ಲ. ಸ್ವರಸ್ಥಾನ ಎಲ್ಲಿದೆಯೆಂದು ಬಲ್ಲವರು ಮಾತ್ರ ಅದರಿಂದ ಕೂದಲೆಳೆಯಷ್ಟು ಕೆಳಗೆ ನಿಂತು, ದಿನವೂ ಅಲ್ಲಿಯೇ ನಿಲ್ಲಬಲ್ಲರು. 2005ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ಈ ಪಾತ್ರ ಮಾಡಿದ ಜೂಡಿ ಕೇ ನುರಿತ ಗಾಯಕಿ. 1988ರಲ್ಲೇ ಸಂಗೀತ ನಾಟಕದ ಪಾತ್ರಕ್ಕೆ ಟೋನಿ ಪ್ರಶಸ್ತಿ ಪಡೆದಿದ್ದವರು. ತಾಲೀಮಿನಲ್ಲಿ ಮೊದಲ ಕೆಲವು ವಾರ ಹಾಡುಗಳನ್ನು ಶುದ್ಧವಾಗಿ ಹಾಡಿಸಿ. ತಪ್ಪುವುದನ್ನು ಆಮೇಲೆ ಕಲಿಸಿ.

ಇನ್ನೊಂದು ಕಾರಣ ನಾಟಕದ ಕೊನೆಯಲ್ಲಿದೆ. ಎರಡು ಗಂಟೆ ಅಪಸ್ವರ ಕೇಳಿದ ಸಭೆಗೆ ಅಲ್ಲಿ ಒಂದು ಪ್ರಾರ್ಥನಾಗೀತೆ ಕೇಳಿಸುತ್ತದೆ. ಜೆಂಕಿನ್ಸ್ ಅವರ ಕಿವಿಗೆ ತಮ್ಮ ದನಿ ಹೇಗಿತ್ತೋ ಹಾಗೆ, ಒಂದು ತಪ್ಪೂ ಇಲ್ಲದೆ. ಹಾಡಲು ಬಾರದವರು ಅಲ್ಲಿ ಏನು ಮಾಡಬಲ್ಲರು?

ನಿಮ್ಮ ಎರಡನೆಯ ಪ್ರಶ್ನೆ ನನ್ನನ್ನೂ ಕಾಡಿದೆ. ಆಕೆ ಕದ್ದು ಹಾಡಿದವರಲ್ಲ. ಮೊಟ್ಸಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ ಎಂಬ ಸಂಗೀತ ನಾಟಕದಲ್ಲಿ ‘ರಾತ್ರಿಯ ರಾಣಿ’ ಎಂಬ ಪಾತ್ರ ಹಾಡುವ ಹಾಡು ನುರಿತವರೂ ಹೆದರುವಂಥದ್ದು. ತಾರಸ್ಥಾಯಿಯ ತುದಿಗೆ ಏರಬೇಕು. ಅದನ್ನು ಆಕೆ ಸ್ವಂತ ಹಣ ಕೊಟ್ಟು ಧ್ವನಿಮುದ್ರಿಸಿದರು. ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ವೇದಿಕೆಗೆ ಬರುತ್ತಿದ್ದರು. ಒಂದು ಸ್ಪ್ಯಾನಿಷ್ ಹಾಡಿಗೆ ಬುಟ್ಟಿಯಿಂದ ಹೂ ಎರಚುತ್ತಿದ್ದರು. ಜನ ಮತ್ತೊಮ್ಮೆ ಎಂದರೆ ಎರಚಿದ ಹೂಗಳನ್ನೇ ಆರಿಸಿ ತರಿಸಿ ಮತ್ತೆ ಹಾಡುತ್ತಿದ್ದರು. 1944ರ ಅಕ್ಟೋಬರ್ 25ರಂದು, 76ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಟಿಕೆಟ್‌ಗಳೆಲ್ಲ ಮಾರಾಟವಾಗಿದ್ದವು. ಪತ್ರಿಕೆಗಳು ಕಟುವಾಗಿ ಬರೆದವು. ಕೆಲವೇ ದಿನಗಳಲ್ಲಿ ಹೃದಯಾಘಾತವಾಯಿತು, ನವೆಂಬರ್ 26ಕ್ಕೆ ತೀರಿಕೊಂಡರು. ಇದನ್ನು ಓದಿದ ಮೇಲೆ ಆಕೆಯನ್ನು ಹೀಯಾಳಿಸಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ಕಲಾವಿದೆಗೂ ಬರಬಾರದು. ‘ನನಗೆ ಗೊತ್ತು, ನಾನು ಕೆಟ್ಟದಾಗಿ ಹಾಡುತ್ತಿದ್ದೇನೆ’ ಎಂದು ಒಮ್ಮೆ ಕಣ್ಣಲ್ಲಿ ಸನ್ನೆ ಮಾಡಿದರೂ ಪಾತ್ರ ಸತ್ತಿತು.

ಇರುವುದು ಎರಡೇ ಪಾತ್ರ. ಇನ್ನೊಬ್ಬ ಪಿಯಾನೋ ನುಡಿಸುವ ಕಾಸ್ಮೆ ಮೆಕ್‌ಮೂನ್. ಅವನೂ ನಿಜವಾಗಿ ಇದ್ದವನೇ, ಕಥೆ ಹೇಳುವವನೂ ಅವನೇ. ಈ ಪಾತ್ರವನ್ನು ನಾನು ಬಲ್ಲೆ. ನಮ್ಮ ಓಣಿಯ ಮಠದಲ್ಲಿ ಅಜ್ಜಿಯೊಬ್ಬರ ಭಜನೆಗೆ ಹನ್ನೊಂದು ವರ್ಷ ಪೇಟಿ (ಹಾರ್ಮೋನಿಯಂ) ಸಾಥ್ ಕೊಟ್ಟಿದ್ದೇನೆ. ಕಾಳಿ ಎರಡರ (ಪೇಟಿಯ ಎರಡನೆಯ ಕಪ್ಪು ಮನೆಯ) ಶ್ರುತಿಯಲ್ಲಿ ಎತ್ತಿಕೊಂಡ ಪದ ಮೂರನೆಯ ನುಡಿಗೆ ಎಲ್ಲಿಗೋ ಹೋಗಿರುತ್ತಿತ್ತು. ಮೊದಮೊದಲು ಜೋರಾಗಿ ನುಡಿಸಿ ಅವರನ್ನು ಎಳೆದು ತರಲು ನೋಡುತ್ತಿದ್ದೆ. ಅವರ ಮುಖ ಸಣ್ಣದಾಗುತ್ತಿತ್ತು. ಆಮೇಲೆ ಪೇಟಿಗೆ ಗಾಳಿ ತುಂಬುವ ಭಾತೆಯನ್ನು ಮೆಲ್ಲಗೆ ಒತ್ತಿ, ಅವರು ಹೋದಲ್ಲಿಗೆ ನಾನೇ ಹೋಗತೊಡಗಿದೆ. ಕೇಳುವವರು ನಗುವುದು ಕಡಿಮೆಯಾಯಿತು. ಮೆಕ್‌ಮೂನ್ ಪಾತ್ರಧಾರಿ ಈ ದಾರಿಯನ್ನು ಸಭೆಯ ಎದುರಿಗೇ ನಡೆದು ತೋರಿಸಬೇಕು: ಮೊದಲು ಗಾಬರಿ, ಆಮೇಲೆ ಸಹನೆ, ಕೊನೆಗೆ ಕಾಳಜಿ. ನಗು ಹುಟ್ಟುವುದು ಅವನ ಮುಖದಿಂದ.

ನಾಟಕಕಾರರ ಹಕ್ಕು ಜಾರಿಯಲ್ಲಿದೆ. ಅನುವಾದಕ್ಕೂ ಪ್ರದರ್ಶನಕ್ಕೂ ಲಿಖಿತ ಅನುಮತಿ ಪಡೆದೇ ಮುಂದುವರಿಯಿರಿ. ಪಿಯಾನೋದವರು ತಾಲೀಮಿಗೆ ಬರುವ ದಿನ ತಿಳಿಸಿದರೆ ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ.